ಪ್ರೊಟೀನಿನ ನಡಿಗೆ

ದೊಡ್ಡಪ್ಪಾ,

ಅಜ್ಜಂಪುರದಿಂದ ನನ್ನನ್ನು ರೈಲಿಗೆ ಬಿಡಲು ಬಂದವನು, ಕಡೂರು ಸ್ಟೇಷನ್ನಿನ ಬೆಂಚಿನ ಮೇಲೆ ನನ್ನ ಫೋನನ್ನು ತೋಳುದ್ದ ದೂರ ಹಿಡಿದು ಆ ವಿಡಿಯೊ ನೋಡಿದ್ದೆಯಲ್ಲ, ನೆನಪಿದೆಯೆ? ಕಂದು ಬಯಲಿನಲ್ಲಿ ಬೆಳ್ಳಗಿನ ಒಂದು ಉಬ್ಬು, ಎಡದಿಂದ ಬಲಕ್ಕೆ ತಡೆತಡೆದು ಸಾಗುತ್ತಿತ್ತು. ಅದೊಂದು ಪ್ರೊಟೀನ್, ಅದು ನಡೆಯುವುದನ್ನು ಮೊದಲು ಕಂಡವರು ನಾವು, ಎಂದೆ.

"ಇಷ್ಟು ಸಣ್ಣದು ಕಣ್ಣಿಗೆ ಹೆಂಗೋ ಕಂಡ್ತು?"

"ಕಣ್ಣಿಗಲ್ಲ ದೊಡ್ಡಪ್ಪ, ಸೂಜಿಗೆ. ಸಾಲುಸಾಲಾಗಿ ಮುಟ್ಟಿ ಉಬ್ಬುತಗ್ಗು ತಡವುತ್ತೆ. ಕಣ್ಣು ಮುಚ್ಚಿ ತೆಗೆಯೋದ್ರಲ್ಲಿ ಒಂದು ಚಿತ್ರ."

"ಮುಟ್ಟಿದ್ಮೇಲೆ, ಅದು ನಡೀತೈತೋ, ಸೂಜಿ ದಬ್ತೈತೋ?"

ನಾನು ನಕ್ಕೆ. "ನಗ್ಬೇಡ ಕಣೋ," ಎಂದೆ ನೀನು. ಅಷ್ಟರಲ್ಲಿ ರೈಲು ಬಂತು. ಆಮೇಲೆ ನೀನು ಮತ್ತೆ ನನಗೆ ಸಿಗಲೇ ಇಲ್ಲ.

ಎಮ್ಮೆದೊಡ್ಡಿಯಲ್ಲಿ ಒಮ್ಮೆ ಎತ್ತು ನೋಡಲು ನನ್ನನ್ನೂ ಕರೆದೊಯ್ದಿದ್ದೆ. ಎತ್ತು ಕೊಳ್ಳುವ ಮುಂಚೆ ಊರವರು ನಿನ್ನನ್ನು ಕರೆಯುತ್ತಿದ್ದರು. ಮಾರುವವನು ಹಗ್ಗ ಹಿಡಿದು ನಡೆಸಿದಾಗ ಎತ್ತು ಲಕ್ಷಣವಾಗಿ ಹೆಜ್ಜೆ ಹಾಕಿತು. ನೀನು ಹಗ್ಗ ಕಸಿದುಕೊಂಡು ಇನ್ನೊಂದು ದಿಕ್ಕಿಗೆ ನಡೆಸಿದೆ, ಮುಂಗಾಲು ಎಳೆಯಿತು.

"ಯಾರನ್ನೂ ನಂಬಲ್ಲ ಬಿಡಿ ನೀವು, ಯಜಮಾನ್ರೇ."

"ಎತ್ತನ್ನ ನಂಬ್ತೀನಿ ಕಣಯ್ಯ. ನಿನ್ ಕೈನ ನಂಬಲ್ಲ."

ನೀನು ತೀರಿಕೊಂಡ ಮೇಲೆ, ನಿನ್ನ ಶಿವಗಣಾರಾಧನೆ ಮುಗಿಸಿ ಲ್ಯಾಬಿಗೆ ಮರಳಿದಾಗ ನಮ್ಮ ಲೇಖನ ವಿಜ್ಞಾನ ಪತ್ರಿಕೆಗೆ ಹೋಗಿಯಾಗಿತ್ತು. ಅದರ ಮೇಲೆ ನನ್ನ ವಿದ್ಯಾರ್ಥಿನಿ ಸುಮಾಳ ಪಿಎಚ್.ಡಿ. ನಿಂತಿತ್ತು. ತರೀಕೆರೆ ಕಡೆಯವಳು, ನಾಲ್ಕು ವರ್ಷ ಆ ಯಂತ್ರದ ಮುಂದೆ ಕೂತವಳು. ನಿನ್ನ ಪ್ರಶ್ನೆ ಈಗ ಕಾಡತೊಡಗಿತು, ಆದರೆ ನನ್ನ ಅನುಮಾನ ಹೋಗಿದ್ದು ಅವಳ ಮೇಲೆ. ಸೂಜಿಯನ್ನು ಹೆಚ್ಚು ಒತ್ತಿದಳೆ? ಒಪ್ಪುವ ವಿಡಿಯೊಗಳನ್ನಷ್ಟೇ ಆರಿಸಿದಳೆ? ಅವಳು ಊಟಕ್ಕೆ ಹೋದಾಗ ಅವಳ ನೋಟ್‌ಬುಕ್ ತಿರುವಿದೆ. ಇದನ್ನು ಯಾರಿಗೂ ಹೇಳಿಲ್ಲ. ಎಲ್ಲವೂ ಸರಿಯಾಗಿಯೇ ಇತ್ತು. ಒಂದು ಪುಟದ ಅಂಚಿನಲ್ಲಿ ಮಾತ್ರ: "ಸೂಜಿ ಓಡುವ ದಿಕ್ಕು ತಿರುಗಿಸಿ ನೋಡಬೇಕು. ಸಾರ್ ಬೇಡ ಅಂದರು."

ಅಂದಿದ್ದೆನೆ? ಬೇರೆ ಲ್ಯಾಬಿನವರು ಮೊದಲು ಪ್ರಕಟಿಸಿಬಿಡುತ್ತಾರೆಂಬ ಅವಸರದಲ್ಲಿ ಅಂದಿರಬೇಕು.

ಮರುದಿನ ಇಬ್ಬರೂ ಕೂತು ದಿಕ್ಕು ತಿರುಗಿಸಿದೆವು. ಎಡದಿಂದ ಬಲಕ್ಕೆ ನಡೆಯುತ್ತಿದ್ದ ಪ್ರೊಟೀನ್ ಕೆಳಗಿನಿಂದ ಮೇಲಕ್ಕೆ ಹೊರಟಿತು, ಸೂಜಿ ಹೋದ ಕಡೆಗೇ. ಅದು ಎಂದೂ ನಡೆದಿರಲಿಲ್ಲ.

"ಆಗಲೇ ಗಟ್ಟಿಯಾಗಿ ಹೇಳ್ಬೇಕಿತ್ತಲ್ಲಮ್ಮ," ಎಂದೆ.

ಪರದೆಯಿಂದ ಕಣ್ಣು ತೆಗೆಯದೆ ಅಂದಳು: "ಹೇಳಿದ್ದೆ ಸಾರ್. ಎರಡು ಸಲ."

ನಿನಗೆ ತಲುಪದ ಸುದ್ದಿ ಇದು: ಇಂದು ಲೇಖನವನ್ನು ಹಿಂದಕ್ಕೆ ಪಡೆದೆವು. ಸುಮಾಗೆ ಪಿಎಚ್.ಡಿ. ಮುಗಿಸಲು ಇನ್ನೂ ಒಂದು ವರ್ಷವಾದರೂ ಹಿಡಿಯುತ್ತದೆ. ಪತ್ರಿಕೆಗೆ ಕಳಿಸುವ ಕಾಗದವನ್ನು ಅವಳೇ ಬರೆದು ತಂದಳು. ಕಾರಣ, "ಯಂತ್ರದ ದೋಷ." ನನ್ನ ಮಾನ ಉಳಿಸಲು ಹಾಗೆ ಬರೆದಳೆ, ಅಥವಾ ನಾನು ಅದನ್ನು ಹಾಗೆಯೇ ಬಿಡುತ್ತೇನೋ ನೋಡಲೆಂದೆ? ಅವಳ ಮುಖದಿಂದ ಏನೂ ತಿಳಿಯಲಿಲ್ಲ. ಆ ಎರಡು ಪದ ಹೊಡೆದುಹಾಕಿ, ಪರೀಕ್ಷೆ ಬೇಡವೆಂದವನು ನಾನು ಎಂದು ಬರೆದು, ಅವಳೆದುರಿಗೇ ಸಹಿ ಮಾಡಿದೆ.