ನ್ಯೂಟ್ರಾನಿಗೆ ಸಿಕ್ಕಿದ ಹಿಂಡಿ

ಶಂಕರಪುರ
೧೨ ಜನವರಿ ೨೦೨೬

ಪ್ರೀತಿಯ ಪುತಾ ರಾಯ್‌ಸ್ಟನ್,

ಅಮ್ಮನ ಆಶೀರ್ವಾದಗಳು. ಬರೆಯಲು ತಡವಾಯಿತು, ಬೇಸರಿಸಬೇಡ. ಫೋನಿನಲ್ಲಿ ಹೇಳಹೊರಟರೆ ನೀನು ಅರ್ಧಕ್ಕೇ ಬೈಯಲು ಸುರು ಮಾಡುತ್ತೀ. ಕಾಗದವಾದರೆ ಪೂರ್ತಿ ಓದಲೇಬೇಕು. ಇಲ್ಲಿ ಚಳಿಗೆ ಮಲ್ಲಿಗೆ ಮೊಗ್ಗು ಕಡಿಮೆ. ನಾನೂ ನಿನ್ನ ಹೆಂಡತಿ ಝೀಟಾಳೂ ಕೂತು ಕಟ್ಟಿದರೆ ನಾಲ್ಕು ಚೆಂಡು ಹೂವಿನ ಒಂದು ಅಟ್ಟೆ ಆಗುವುದೂ ಕಷ್ಟ.

ಮಸ್ಕತ್ತಿಗೆ ನಿನ್ನಲ್ಲಿಗೆ ಹೊರಟ ಝೀಟಾ ವಿಮಾನ ತಪ್ಪಿ ಮನೆಗೆ ಮರಳಿ ಇಂದಿಗೆ ಹನ್ನೊಂದು ದಿನ. ಅಷ್ಟೂ ದಿನ ನೀನು ಅವಳ ಫೋನ್ ಎತ್ತಿಲ್ಲ. ನಿಲ್ದಾಣದ ತಪಾಸಣೆಯಲ್ಲಿ ಅವಳ ಚೀಲದಲ್ಲಿ ನೆಲಗಡಲೆ ಹಿಂಡಿ ಸಿಕ್ಕಿತೆಂದೇ ಅಲ್ವಾ ನಿನ್ನ ಸಿಟ್ಟು? ಅಲ್ಲಿಯ ಬಾಲ್ಕನಿಯ ಮಲ್ಲಿಗೆ ಗಿಡ ಸೊರಗಿದೆ ಎಂದು ನೀನೇ ಹೇಳಿದ್ದೆ. ನಮ್ಮ ಗಿಡಗಳಿಗೆ ಇಪ್ಪತ್ತು ವರ್ಷದಿಂದ ಹಾಕುವುದು ಅದನ್ನೇ. ಅದು ಬಾಂಬಿನ ಹಾಗೆ ಕಾಣುತ್ತದೆಂದು ಯಾರಿಗೆ ಗೊತ್ತಿತ್ತು?

ಮಣಿಪಾಲದಲ್ಲಿ ಭೌತಶಾಸ್ತ್ರ ಕಲಿಸುವ ಪಕ್ಕದ ಮನೆಯ ಶ್ರವಣನನ್ನು ಕೇಳಿದೆ. "ಆಂಟಿ, ಅದು ಎಕ್ಸ್‌ರೇ ಅಲ್ಲ. ನಿಲ್ದಾಣದಲ್ಲಿ ಪ್ರಯೋಗಕ್ಕೆಂದು ಇಟ್ಟ ಹೊಸ ಮೆಷಿನ್ ಉಂಟು, ಅದು ನ್ಯೂಟ್ರಾನ್ ಬಿಡುತ್ತದೆ. ಚೀಲದೊಳಗೆ ಸಾರಜನಕ ಜಾಸ್ತಿ ಇದ್ದರೆ ಅದರಿಂದ ಬೇರೆ ಒಂದು ಕಿರಣ ಹೊರಗೆ ಬಂದು ಮೆಷಿನಿಗೆ ಗೊತ್ತಾಗುತ್ತದೆ. ಸ್ಫೋಟಕದಲ್ಲಿಯೂ ಸಾರಜನಕ ಉಂಟು, ಹಿಂಡಿಯಲ್ಲಿಯೂ ಉಂಟು," ಎಂದ.

"ಹಾಗಾದರೆ ನಮ್ಮ ಗಿಡ ತಿನ್ನುವುದು ಎಂತ ಮಾರಾಯ?" ಎಂದೆ.

ಅವನು ನಕ್ಕ. ನನಗೆ ನಗು ಬರಲಿಲ್ಲ. ಹೂ ಅರಳಿಸುವುದೂ ವಿಮಾನ ಉರುಳಿಸುವುದೂ ಒಂದೇ ಎಂದರೆ ಏನರ್ಥ? ಎರಡು ದಿನ ಯೋಚಿಸಿ ತಲೆ ಕೆಟ್ಟುಹೋಯಿತು.

ಝೀಟಾಳೂ ನನಗೆ ಅರ್ಥವಾಗುತ್ತಿಲ್ಲ. ಅಳುವುದಿಲ್ಲ, ನಿನ್ನನ್ನು ದೂರುವುದಿಲ್ಲ. ಕಾಪುವಿನಿಂದ ಅವಳ ತಾಯಿ ಕರೆದರೆ, "ಇಲ್ಲಿ ಮಮ್ಮಿ ಒಬ್ಬರೇ ಆಗ್ತಾರೆ," ಎಂದು ನನ್ನ ನೆಪ ಹೇಳುತ್ತಾಳೆ. ಅವಳಿಗೆ ಒಂದು ಫೋನ್ ಮಾಡು ಪುತಾ. ದೇವರು ನಿಮ್ಮಿಬ್ಬರನ್ನೂ ಒಂದೇ ಮನೆಯಲ್ಲಿ ಸುಖವಾಗಿಡಲಿ.

ನಿನ್ನ ಅಮ್ಮ,
ಗ್ಲ್ಯಾಡಿಸ್

ತಾ.ಕ.: ಹಿಂಡಿ ಇಟ್ಟದ್ದು ನಾನು. ಭಾರವಾಗುತ್ತದೆ, ಬೇಡ ಎಂದಿದ್ದಳು ಝೀಟಾ. ಅವಳು ಸ್ನಾನಕ್ಕೆ ಹೋದಾಗ ಬಟ್ಟೆಗಳ ಅಡಿಯಲ್ಲಿ ತುರುಕಿದೆ. ನಿಲ್ದಾಣದ ಅಧಿಕಾರಿ ಫೋನ್ ಮಾಡಿ, "ಇದು ನೀವು ಇಟ್ಟದ್ದಾ?" ಎಂದು ಕೇಳಿದಾಗ ಹೆದರಿ, "ನನಗೆ ಗೊತ್ತೇ ಇಲ್ಲ," ಎಂದುಬಿಟ್ಟೆ. ಆಚೆಯಿಂದ ಝೀಟಾಳ ದನಿ ಕೇಳಿಸಿತು: "ಹೌದು ಸಾರ್, ಅವರಿಗೆ ಗೊತ್ತಿಲ್ಲ. ನಾನೇ ಇಟ್ಟದ್ದು." ನಿನಗೂ ಅದನ್ನೇ ಹೇಳಿದ್ದಾಳೆ. ಯಾಕೆ ಹಾಗೆಂದಿರಿ ಎಂದು ಅವಳು ಇವತ್ತಿನವರೆಗೂ ನನ್ನನ್ನು ಕೇಳಿಲ್ಲ.