ನಿಮ್ಮಪ್ಪನ ಕೋಟಿನ ಹೊಗೆ

ಫಾಲ್ ರಿವರ್, ಮ್ಯಾಸಚೂಸೆಟ್ಸ್
ಆಗಸ್ಟ್ ೧೯, ೨೦೧೮, ಭಾನುವಾರ

ನನ್ನ ಮುದ್ದು ಅಡೆಲೀನೊ,

ಹೇಗಿದ್ದೀಯಪ್ಪ? ಕೆಮ್ಮು ನಿಂತಿತಾ? ಮೊಂಟಾನಾದ ಕಾಡಿನ ಬೆಂಕಿ ಇನ್ನೂ ಆರಿಲ್ಲ ಅಂತ ಟೀವಿಯಲ್ಲಿ ತೋರಿಸುತ್ತಾರೆ. ಬೆಂಕಿ ಆರಿಸುವ ಆ ಹಳದಿ ಅಂಗಿಯವರ ನಡುವೆ ನೀನೆಲ್ಲಾದರೂ ಇದ್ದೀಯಾ ಅಂತ ಕಣ್ಣು ಕಿರಿದು ಮಾಡಿ ನೋಡುತ್ತೇನೆ. ನಿಮ್ಮ ಕ್ಯಾಂಪಿಗೆ ಫೋನು ಸಿಗುವುದಿಲ್ಲವಲ್ಲ, ಅದಕ್ಕೇ ಈ ಕಾಗದ. ನನ್ನ ಮಂಡಿನೋವು ಇದ್ದದ್ದೇ. ನಿನ್ನ ಮಗಳು ಒಡೀಲಿಯಾ ಗಟ್ಟಿಮುಟ್ಟಾಗಿದ್ದಾಳೆ. ಸೊಪ್ಪಿನ ಸೂಪಿನಲ್ಲಿ ಸೊಪ್ಪೊಂದನ್ನು ಬಿಟ್ಟು ಉಳಿದದ್ದೆಲ್ಲ ತಿನ್ನುತ್ತಾಳೆ, ಥೇಟ್ ನೀನೇ. ಅವಳಮ್ಮ ಬಿಟ್ಟುಹೋದ ಮೇಲೆ ನಿನ್ನ ಕತ್ತಿಗೆ ಜೋತುಬಿದ್ದು ಮಲಗುತ್ತಿದ್ದ ಕೂಸು, ನೀನೂ ಹೊರಟ ಮೇಲೆ ನನ್ನ ಮಗ್ಗುಲು ಹಿಡಿದಿದೆ.

ಈಗ ಸುದ್ದಿ ಕೇಳು. ನಿಮ್ಮಪ್ಪ ಜೀವ ಸವೆಸಿದ ಅಗ್ನಿಶಾಮಕ ಠಾಣೆಗೆ ಜೂನ್ ತಿಂಗಳಲ್ಲಿ ಪ್ರಿಸಿಲ್ಲಾ ಅಂತ ಒಬ್ಬ ಡಾಕ್ಟರಮ್ಮ ಬಂದಳು. ಬೆಂಕಿ ಆರಿಸುವವರ ಮೈಯೊಳಗೆ ಹೊಗೆಯ ವಿಷ ಎಷ್ಟು ಇಳಿದಿದೆ ಅನ್ನುವುದು ಉಚ್ಚೆಯಲ್ಲಿ ಗೊತ್ತಾಗುತ್ತದಂತೆ. ಒಂದೆರಡು ದಿನ ಆ ಗುರುತು ಇರುತ್ತದೆ, ಆಮೇಲೆ ತೊಳೆದುಹೋಗುತ್ತದೆ. ಅದಕ್ಕೇ ಹುಡುಗರು ಬೆಂಕಿಯಿಂದ ಬಂದ ಕೂಡಲೇ ಒಂದೊಂದು ಕಪ್ ತುಂಬಿಸಿ ಕೊಡಬೇಕು. ಹೋಲಿಸಿ ನೋಡಲು ಬೆಂಕಿಯ ಹತ್ತಿರ ಸುಳಿಯದವರ ಕಪ್ಪುಗಳೂ ಬೇಕು ಅಂದಳು. ನಮ್ಮ ಕ್ಯಾಪ್ಟನ್ ಬೆಂಟೊ, ಹಾಳಾದವನು, ನನ್ನನ್ನು ಒಂದು ಮಾತು ಕೇಳದೆ ನನ್ನ ಹೆಸರು ಬರೆಸಿದ. ಬೈದುಕೊಂಡೇ ಹೋದೆ. ನಿಮ್ಮಪ್ಪನನ್ನು ತಿಂದದ್ದು ಮೂತ್ರಕೋಶದ ಕ್ಯಾನ್ಸರ್ ಅಲ್ಲವೇ, ಇನ್ನೊಬ್ಬಳ ಗಂಡನಾದರೂ ಉಳಿಯಲಿ ಅನ್ನಿಸಿತು.

ನನ್ನ ಕಪ್ಪಿನಲ್ಲಿ ಹೊಗೆ ಇತ್ತು ಮಗಾ. ಅದೂ ಆಗಷ್ಟೇ ಬೆಂಕಿಯಿಂದ ಬಂದವರಿಗೆ ಇರುವಂಥದ್ದು. ಹೊಗೆಯಲ್ಲಿ ಒಣಗಿಸಿದ ಮಾಂಸ ತಿಂದರೂ ಹಾಗೆ ಕಾಣುತ್ತದೆ ಅಂತ ಮೊದಲೇ ಎಚ್ಚರಿಸಿದ್ದರು, ನಾನು ಮನೆಯಲ್ಲಿದ್ದ ಶೊರೀಸು ಸಾಸೇಜನ್ನೆಲ್ಲ ಪಕ್ಕದ ಮನೆಗೆ ಕೊಟ್ಟುಬಿಟ್ಟಿದ್ದೆ. ಆದರೂ ಬೆಂಟೊ ಎಲ್ಲರೆದುರು ನಗುತ್ತಾ, “ಏನ್ ಡೋನಾ ಝುಲ್ಮೀರಾ, ಕದ್ದು ಶೊರೀಸು ತಿಂದ್ರೋ, ಇಲ್ಲಾ ಗಂಡನ ಡ್ಯೂಟಿಗೆ ನೀವೇ ಹೋಗ್ತಿದ್ದೀರೋ?” ಅಂದ. ನಮ್ಮ ಇಗರ್ಜಿಯ ಪವಿತ್ರಾತ್ಮನ ಕಿರೀಟದ ಮೇಲೆ ಆಣೆ ಇಟ್ಟೆ. ಇನ್ನೊಂದು ಕಪ್ ಕೊಟ್ಟೆ. ಅದರಲ್ಲೂ ಹಾಗೇ ಇತ್ತು.

ಡಾಕ್ಟರಮ್ಮ ಮನೆ ನೋಡಬೇಕು ಅಂತ ಬಂದಳು. ಒಲೆ ನೋಡಿದಳು, ನೆಲಮಾಳಿಗೆಯ ಬಾಯ್ಲರ್ ನೋಡಿದಳು, ಎಲ್ಲ ಸರಿಯಾಗಿತ್ತು. ಪಾಪ, ಸಣ್ಣ ವಯಸ್ಸು, ಕಾಫಿಗೆ ಕೂರಿಸಿ ಸಿಹಿ ಬ್ರೆಡ್ ಕೊಟ್ಟೆ. ಅಷ್ಟರಲ್ಲಿ ನಿನ್ನ ಮಗಳು ಮಲಗುವ ಕೋಣೆಯಿಂದ ನಿಮ್ಮಪ್ಪನ ಕೋಟನ್ನು ದರದರ ಎಳೆದುಕೊಂಡು ಬಂದಳು. “ಇದು ತಾತಂದು. ನಾನೂ ಅಜ್ಜೀನೂ ಇದನ್ನೇ ಹೊದ್ಕೊಳ್ಳೋದು,” ಅಂದಳು. ಡಾಕ್ಟರಮ್ಮ ಬಾಯಿಗಿಟ್ಟ ಬ್ರೆಡ್ ತೆಗೆದು ತಟ್ಟೆಯಲ್ಲಿಟ್ಟಳು. ಇದನ್ನು ಯಾವಾಗಲಾದರೂ ಒಗೆದಿದ್ದೀರಾ ಅಂತ ಮೆತ್ತಗೆ ಕೇಳಿದಳು.

ಏನು ಹೇಳಲಿ ಅವಳಿಗೆ? ನಿಮ್ಮ ಕಸುಬಿನವರ ಕೋಟು ಒಗೆದರೆ ಮಾನ ಹೋಗುತ್ತದೆ ಅನ್ನುವುದು ಅವಳಿಗೇನು ಗೊತ್ತು? ಮಸಿ ದಪ್ಪವಾದಷ್ಟೂ ಗೌರವ ಜಾಸ್ತಿ. ನೀನು ಹೊಸದಾಗಿ ಸೇರಿದಾಗ ಕೋಟು ಮಿರಮಿರ ಮಿಂಚುತ್ತದೆ, ಮದುಮಗ ಬಂದ ಅಂತ ಎಲ್ಲರೂ ಆಡಿಕೊಂಡರೆಂದು ಒಲೆಯ ಬೂದಿ ತಂದು ಹೆಲ್ಮೆಟ್ಟಿಗೆ ತಿಕ್ಕಿದ್ದು ನೆನಪಿದೆಯಾ? ನಿಮ್ಮಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಮಾರ್ಚಿನಲ್ಲಿ ಅವರನ್ನು ಮಣ್ಣು ಮಾಡಿ ಬಂದ ಸಂಜೆ ಬೆಂಟೊನೇ ಆ ಕೋಟು ತಂದು ನನ್ನ ಕೈಗಿಟ್ಟ. ಹಾಗೇ ಇರಲಿ, ಒಗೆಯಬೇಡಮ್ಮಾ ಅಂತ ನೀನೂ ಹೇಳಿ ಹೋದೆ. ನನಗೂ ಅದೇ ಬೇಕಿತ್ತು. ಅವರ ಅಂಗಿಗಳಲ್ಲಿ ಬರೀ ಆಸ್ಪತ್ರೆಯ ವಾಸನೆ, ಕೋಟಿನಲ್ಲಿ ಮಾತ್ರ ಅವರಿದ್ದರು. ಕೆನ್ನೆಗೆ ಒತ್ತಿಕೊಂಡರೆ ಈಗಷ್ಟೇ ಪಾಳಿ ಮುಗಿಸಿ ಬಂದು ಮಗ್ಗುಲಲ್ಲಿ ಬಿದ್ದುಕೊಂಡಿದ್ದಾರೆ ಅನ್ನಿಸಿ ನಿದ್ದೆ ಬರುತ್ತಿತ್ತು. ಮುದುಕಿಗೆ ಇನ್ನೇನಾಗಬೇಕಿದೆ, ಈ ಮಸಿಯಿಂದ ಕಾಯಿಲೆ ಬಂದರೆ ಬರಲಿ ಅಂತ ಡಾಕ್ಟರಮ್ಮನಿಗೆ ಹೇಳಿಯೂಬಿಟ್ಟೆ. ಹೋಗುವಾಗ ಒಡೀಲಿಯಾಳ ಕೈಗೆ ಒಂದು ಖಾಲಿ ಕಪ್ ಕೊಟ್ಟಳು, ಅಷ್ಟೇ.

ಉಳಿದದ್ದು ನೀನು ಬಂದಾಗ ಹೇಳುತ್ತೇನೆ, ಈಗ ಕೈ ನೋಯುತ್ತಿದೆ. ಬೆಂಟೊ ನಿನ್ನನ್ನು ಕೇಳಿದ್ದಾನೆ. ನೀನು ಕೇಳುವ ಮೊದಲೇ ಆಶೀರ್ವಾದ ಮಾಡುತ್ತಿದ್ದೇನೆ ಮಗಾ, ದೇವರು ನಿನ್ನ ಹಿಂದೆಮುಂದೆ ಇರಲಿ.

ನಿನ್ನ ಅಮ್ಮ,
ಝುಲ್ಮೀರಾ

ಮರೆತಿದ್ದೆ: ಮರೆತಿದ್ದೆ ಅನ್ನುವುದು ಸುಳ್ಳು, ಬರೆಯಲು ಧೈರ್ಯ ಬರಲಿಲ್ಲ. ಮಗುವಿನ ಕಪ್ಪಿನಲ್ಲಿ ನನಗಿಂತ ಜಾಸ್ತಿ ಇತ್ತು. ಅವತ್ತೇ ಕೋಟನ್ನು ಚೀಲಕ್ಕೆ ತುಂಬಿ ಠಾಣೆಯ ದೊಡ್ಡ ಮಷೀನಿಗೆ ಹಾಕಿಸಿದೆ. ಹಾಸಿಗೆ, ದಿಂಬು ಎಲ್ಲ ಹೊಸದು. ಕೋಟು ಹಳದಿ ಬಣ್ಣದ್ದಂತೆ ಕಣೋ, ನನಗೆ ಮರೆತೇಹೋಗಿತ್ತು. ಈಗ ಬರೀ ಸೋಪಿನ ವಾಸನೆ, ಯಾರದೋ ಕೋಟು. ನಿನ್ನ ಮಾತು ಮೀರಿದೆ, ಬೈಯಬೇಕಾದರೆ ಬೈ. ಮೊನ್ನೆ ಮತ್ತೆ ನೋಡಿದರು, ನಮ್ಮಿಬ್ಬರ ಕಪ್ಪಿನಲ್ಲೂ ಏನೂ ಇಲ್ಲ. ಡಾಕ್ಟರಮ್ಮ ಖುಷಿಯಿಂದ ಹೇಳಿದಳು. ನಾನು ಮನೆಗೆ ಬಂದು ಬಚ್ಚಲ ಬಾಗಿಲು ಹಾಕಿಕೊಂಡು ಅತ್ತೆ. ನಿಮ್ಮಪ್ಪ ಹೋದದ್ದು ಮಾರ್ಚಿನಲ್ಲಲ್ಲ, ಮೊನ್ನೆ. ನೀನು ಬರುವಾಗ ಅಂಗಿ, ಹೆಲ್ಮೆಟ್ಟು ಎಲ್ಲ ಅಲ್ಲೇ ತೊಳೆದು, ತಲೆಗೆ ಸ್ನಾನ ಮಾಡಿ ಬಾ. ನಿನ್ನ ಕಾರಿನ ಸದ್ದು ಕೇಳಿದರೆ ಒಡೀಲಿಯಾ ಓಡಿಬಂದು ಕತ್ತಿಗೆ ಬೀಳುತ್ತಾಳೆ, ಅವಳನ್ನು ತಡೆಯಲು ನನ್ನಿಂದ ಆಗುವುದಿಲ್ಲ.