ಸಂಜೆಗಷ್ಟೇ ಬರುವ ನೆಟ್ಟು

ಕಟಕೋಳ
೫ ಡಿಸೆಂಬರ್ ೨೦೨೪, ಗುರುವಾರ

ಪ್ರೀತಿಯ ಅಕ್ಕಾ,

ಶರಣು. ನಿನ್ನ ಮೊಣಕಾಲು ಹೇಗಿದೆ? ಎಣ್ಣೆ ಹಚ್ಚಿ ಬಿಸಿನೀರು ಹಾಕಿಕೊಳ್ಳುತ್ತಿದ್ದೀಯೋ, ಇಲ್ಲಾ ಅದನ್ನೂ ಬಿಟ್ಟೆಯೋ? ಮಾವನವರ ಕೆಮ್ಮು ಕಡಿಮೆಯಾಯಿತೇ? ಫೋನಿದ್ದೂ ಕಾಗದ ಬರೆಯುತ್ತಿದ್ದಾಳೆಂದು ನಗಬೇಡ. ಈ ಗಾಡಿಯಲ್ಲಿ ಮುಂದೆ ಆಡಿದ ಮಾತು ಹಿಂದಿನ ಒಲೆಯ ತನಕ ಕೇಳುತ್ತದೆ. ನಾನು ಬರೆಯುವುದು ಸೊಸೆ ಶೈಲಜಾಳ ವಿಷಯ, ಅವಳ ಕಿವಿಯೋ ಬಲು ಚುರುಕು.

ಸುನೀಲ ಹಳೇ ಟೆಂಪೊವನ್ನು ಬೈಲಹೊಂಗಲದ ಗ್ಯಾರೇಜಿನಲ್ಲಿ ಮನೆಯ ಹಾಗೆ ಮಾಡಿಸಿದ್ದು ನಿನಗೆ ಗೊತ್ತಲ್ಲ. ಮಲಗುವ ಹಲಗೆ, ಒಲೆ, ನೀರಿನ ಟಾಕಿ, ಎಲ್ಲ ಇದೆ. ಹದಿನೈದು ದಿನ ಮೂವರೂ ಊರೂರು ತಿರುಗೋಣ ಅಂದ. ಶೈಲಜಾಳದು ಒಂದೇ ಷರತ್ತು: ಎಲ್ಲಿ ನಿಂತರೂ ನೆಟ್ಟು ಸಿಗಬೇಕು. ಮಧ್ಯಾಹ್ನ ಎರಡರಿಂದ ಐದರ ತನಕ ಅವಳು ಕಂಪ್ಯೂಟರಿನಲ್ಲಿ ಎಲ್ಲೆಲ್ಲಿಯದೋ ಮಕ್ಕಳಿಗೆ ಗಣಿತ ಕಲಿಸುತ್ತಾಳೆ. ಫೋನಿನ ನೆಟ್ಟು ಅಷ್ಟು ಹೊತ್ತಿಗೆ ಸಾಲದಂತೆ. ಅದಕ್ಕೆಂದೇ ಸುನೀಲ ದೀಪ ಮಿಣುಕುವ ಪುಟ್ಟ ಪೆಟ್ಟಿಗೆಯೊಂದನ್ನು ತಂದು ನನ್ನ ಹಲಗೆಯ ಮೇಲಿನ ಗೂಡಿನಲ್ಲಿಟ್ಟ. "ಅವ್ವಾ, ಇದನ್ನ ಜ್ವಾಪಾನ ಮಾಡು, ಇದರಾಗ ಅಕಿ ನೌಕರಿ ಐತಿ" ಅಂದ. ನನಗೆ ಜೋಪಾನ ಹೇಳಿಕೊಡಬೇಕೇ? ನಮ್ಮ ಅವ್ವನ ದಪ್ಪ ಹಿತ್ತಾಳೆಯ ರೊಟ್ಟಿ ಡಬ್ಬಿ ಜೊತೆಗೇ ಇದೆ. ಬಂಗಾರವಿರಲಿ, ಹೊಲದ ಕಾಗದವಿರಲಿ, ಅವ್ವ ಇಡುತ್ತಿದ್ದುದು ಅದರಲ್ಲೇ. ಕಳ್ಳ ಎಲ್ಲ ಹುಡುಕಿದರೂ ರೊಟ್ಟಿ ಡಬ್ಬಿ ತೆರೆಯುವುದಿಲ್ಲ ಅನ್ನುತ್ತಿದ್ದಳಲ್ಲ. ಹೋದ ಹೋದ ಊರಲ್ಲಿ ಜನ ಗಾಡಿಯೊಳಗೆ ಇಣುಕುತ್ತಾರೆ, ಯಾರ ಕಣ್ಣು ಎಂಥದೋ. ಹಾಗಾಗಿ ದಿನಾ ಬೆಳಿಗ್ಗೆ ರೊಟ್ಟಿಯನ್ನು ಬುಟ್ಟಿಗೆ ಹಾಕಿ, ಪೆಟ್ಟಿಗೆಯನ್ನು ಅರಿವೆಯಲ್ಲಿ ಸುತ್ತಿ ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿ ಪರದೆ ಎಳೆಯುತ್ತೇನೆ. ವೈರು ಹಾಯಲು ಅಂಚಿನಲ್ಲಿ ಆ ಹಳೇ ಸೀಳು ಇದ್ದೇ ಇದೆ. ಸಂಜೆ ಬಿಸಿ ರೊಟ್ಟಿಗೆ ಡಬ್ಬಿ ಬೇಕಲ್ಲ, ಆಗ ತೆಗೆದು ಮತ್ತೆ ಗೂಡಿಗೆ. ಒಂದು ದಿನವೂ ತಪ್ಪಿಸಿಲ್ಲ.

ಈಗ ಕೇಳು. ಕಿತ್ತೂರಿನಲ್ಲಿ ಹೆದ್ದಾರಿಯ ಪಕ್ಕಕ್ಕೇ ನಿಂತಿದ್ದೆವು, ಟವರು ಕಣ್ಣೆದುರಿಗೆ. ಎರಡು ಗಂಟೆಗೆ ಶೈಲಜಾ ನೆಟ್ಟಿಲ್ಲ ಅಂದಳು. ಸವದತ್ತಿಯಲ್ಲೂ ಇಲ್ಲ. ಹೂಲಿಯ ಗುಡಿಗಳ ಹತ್ತಿರ ಇಲ್ಲವೆಂದರೆ ಒಪ್ಪುತ್ತೇನೆ, ಅಲ್ಲಿ ಗುಡ್ಡ ಅಡ್ಡ. ಆದರೆ ಸಂಜೆಯಾಗಲಿ, ಅದೇ ಕಂಪ್ಯೂಟರಿನಲ್ಲಿ ತವರಿಗೆ ಫೋನು ಹಚ್ಚಿ ಅವರ ಮುಖ ನೋಡಿಕೊಂಡು ಕಿಲಕಿಲ ನಗುತ್ತಾಳೆ, ಆಗ ನೆಟ್ಟು ಬರುತ್ತದೆ. ದುಡಿಯಲು ಸಿಗದ್ದು ನಗಲು ಹೇಗೆ ಸಿಗುತ್ತದೆ? ಸುನೀಲ ಎರಡು ಸಂಜೆ ಗೂಡಿನ ಪೆಟ್ಟಿಗೆ ಇಳಿಸಿ ಸಿಮ್ಮು ಬದಲಿಸಿದ, ಬಿಸಿಲಿನಲ್ಲಿ ಗಾಡಿಯ ನೆತ್ತಿ ಹತ್ತಿ ಆಂಟೆನಾ ತಿರುಗಿಸಿದ. ನನಗೆ ಅವನ ಮೇಲೂ ಅನುಮಾನ, ಹೆಂಡತಿ ಅಂದದ್ದಕ್ಕೆಲ್ಲ ತಲೆಯಾಡಿಸುತ್ತಾನೆ. ಹೊರಡುವ ದಿನವೇ ನೀನು, "ಅಕಿ ನಾಕ ದಿನಾನೂ ನಿನ್ನ ಕೂಡ ಇರೂದಿಲ್ಲ ನೋಡು" ಅಂದಿದ್ದೆ. ನಿನ್ನ ನಾಲಿಗೆಯ ಮೇಲೆ ಮಚ್ಚೆ ಇರಬೇಕು.

ನಿನ್ನೆ ಪಾಠದ ಕಂಪನಿಯಿಂದ ಫೋನು ಬಂತು. ಇನ್ನೊಂದು ದಿನ ತಪ್ಪಿದರೆ ಬೇರೆಯವರನ್ನು ಇಟ್ಟುಕೊಳ್ಳುತ್ತಾರಂತೆ. ಶೈಲಜಾ ಕಣ್ಣೊರೆಸಿಕೊಂಡಳು. ನನಗೆ ಅದೂ ನಾಟಕ ಎನಿಸಿತು, ತಡೆಯಲಾರದೆ ಅಂದುಬಿಟ್ಟೆ: "ನನ್ನ ಕೂಡ ಇರಾಕ ಮನಸ್ಸಿಲ್ಲಂದ್ರ ಬಾಯಿಬಿಟ್ಟ ಹೇಳವಾ. ನೆಟ್ಟಿನ ಮ್ಯಾಲ ಯಾಕ ಹಾಕತಿ?" "ಅತ್ತೀ, ನಿಮ್ಮನ್ನ ಕರಕೊಂಡ ಹೋಗೂಣು ಅಂತ ಹೇಳಿದಾಕಿನ ನಾನ್ರಿ" ಅಂದಳು. ಅಷ್ಟೇ. ಇವತ್ತು ಐದೂವರೆಯ ಬಸ್ಸಿಗೆ ತವರಿಗೆ ಹೊರಟಿದ್ದಾಳೆ. ಸುನೀಲ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಅವಳೇ ನನ್ನನ್ನು ಕರೆಸಿಕೊಂಡಳಂತೆ! ನಾನೇನೂ ನಂಬಿಲ್ಲ. ಆದರೂ ರಾತ್ರಿಯೆಲ್ಲ ಆ ಮಾತೇ ಕಿವಿಯಲ್ಲಿತ್ತು.

ಮಾವನವರಿಗೆ ನನ್ನ ಶರಣು ಹೇಳು, ಮೊಮ್ಮಕ್ಕಳ ತಲೆ ನೇವರಿಸು. ರಾಮದುರ್ಗಕ್ಕೆ ಹೋದರೆ ನಿನಗೊಂದು ಸೀರೆ ತರುತ್ತೇನೆ. ಕಾಲಿಗೆ ಎಣ್ಣೆ ಮರೆಯಬೇಡ.

ನಿನ್ನ ತಂಗಿ,
ಮಹಾನಂದಾ

ತಾ.ಕ.: ಅಕ್ಕಾ, ಲಕೋಟೆ ಮುಚ್ಚುವ ಮೊದಲು ಇದಿಷ್ಟು. ಸಿಟ್ಟಿದ್ದರೇನು, ಊರಿಗೆ ಹೊರಟವಳನ್ನು ಬರಿಗೈಯಲ್ಲಿ ಕಳಿಸಬಾರದೆಂದು ನಾಲ್ಕು ರೊಟ್ಟಿ ಬಡಿದು, ಹಾಕಿ ಕೊಡಲು ಡಬ್ಬಿಯಿಂದ ಪೆಟ್ಟಿಗೆ ತೆಗೆದೆ. ತುಸು ಹೊತ್ತಿಗೆ ಪರದೆಯಾಚೆ, ಎರಡಕ್ಕೆ ಅವಳು ತೆರೆದಿಟ್ಟಿದ್ದ ಕಂಪ್ಯೂಟರಿನಲ್ಲಿ ಮಕ್ಕಳೆಲ್ಲ ಟೀಚರ್ ಟೀಚರ್ ಎಂದು ಕೂಗತೊಡಗಿದವು. ಬೆಚ್ಚಿಬಿದ್ದು ಪೆಟ್ಟಿಗೆ ಒಳಗಿಟ್ಟು ಮುಚ್ಚಿದೆ, ದನಿ ನಿಂತಿತು. ತೆಗೆದೆ, ಬಂತು. ಮತ್ತೆ ಮುಚ್ಚಿ ನೋಡಲು ಕೈ ಬರಲಿಲ್ಲ. ಹತ್ತು ದಿನ ಅವಳ ನೌಕರಿಗೆ ಮುಚ್ಚಳ ಹಾಕಿದವಳು ನಾನೇ. ಈಗ ಅವಳು ಪಾಠ ಮಾಡುತ್ತಿದ್ದಾಳೆ, ಬ್ಯಾಗು ಬಾಗಿಲಲ್ಲೇ ಇದೆ. ಸುನೀಲ ಇದೆಲ್ಲ ಹೊಸ ಸಿಮ್ಮಿನ ಪ್ರತಾಪ ಎಂದುಕೊಂಡಿದ್ದಾನೆ. ನಾನು ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಅವಳು ಬಸ್ಸು ಹತ್ತುವುದು ನೆಟ್ಟಿಗಲ್ಲ, ನನ್ನ ಮಾತಿಗೆ. ಪಾಠ ಮುಗಿಯಲೆಂದು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದೇನೆ. ಅತ್ತೆಯಾದವಳು ಸೊಸೆಗೆ ತಪ್ಪಾಯಿತು ಅಂದದ್ದನ್ನು ನಮ್ಮ ಮನೆಯಲ್ಲಿ ನಾನು ಕೇಳಿಲ್ಲ. ನೀನು ಕೇಳಿದ್ದೀಯಾ?